ಮಡಿಲಿಗೊಂದು ನಾಯಿಯೋ, ಬಾಗಿಲಿಗೊಂದು ನಾಯಿಯೋ?

ನಾಯಿ ಸಾಕೋಣವೆಂದು ಮನೆಮಂದಿಯೆಲ್ಲ ಒಪ್ಪಿದ ಮೇಲೆ ಎರಡನೆಯ ಸುತ್ತಿನ ಜಗಳ ಶುರುವಾಗುತ್ತದೆ. ಒಬ್ಬರಿಗೆ ಮಡಿಲಲ್ಲಿ ಮುದುಡಿ ಮಲಗುವ ಪುಟ್ಟದೊಂದು ಬೇಕು. ಇನ್ನೊಬ್ಬರಿಗೆ ಜೊತೆಯಲ್ಲಿ ನಡೆದರೆ ಎದುರಿನವರು ದಾರಿ ಬಿಡುವಂಥದ್ದು ಬೇಕು. ಇಬ್ಬರೂ ತಮ್ಮ ಆಸೆಗೆ ತರ್ಕದ ಅಂಗಿ ತೊಡಿಸಿ ವಾದಕ್ಕೆ ಇಳಿಯುತ್ತಾರೆ. ಸಣ್ಣ ನಾಯಿ ಸಾಕುವುದು ಸುಲಭ, ದೊಡ್ಡ ನಾಯಿಗೆ ತೋಟವಿರುವ ಮನೆಯೇ ಆಗಬೇಕು, ಸಣ್ಣವು ಕಾರಣವಿಲ್ಲದೆ ಕಿರುಚುತ್ತವೆ, ದೊಡ್ಡವು ಗಂಭೀರವಾಗಿರುತ್ತವೆ ಎಂಬ ಮಾತುಗಳು ಎಲ್ಲ ಮನೆಗಳಲ್ಲೂ ಕೇಳಿಬರುತ್ತವೆ. ಒಂದೊಂದರಲ್ಲೂ ಅರ್ಧ ಸತ್ಯವಿದೆ. ಆದರೆ ಆ ಅರ್ಧ ಸತ್ಯವನ್ನು ನಂಬಿ ತಂದ ನಾಯಿ ಹತ್ತು ಹದಿನೈದು ವರ್ಷ ಮನೆಯಲ್ಲೇ ಇರುತ್ತದೆ.

ಗಾತ್ರದ ವಿಷಯದಲ್ಲಿ ಎರಡು ಬಗೆಯ ಪ್ರಶ್ನೆಗಳು ಕಲಸಿಹೋಗಿವೆ. ಅವನ್ನು ಬೇರ್ಪಡಿಸಿಕೊಂಡರೆ ಗೊಂದಲ ಎಷ್ಟೋ ತಿಳಿಯಾಗುತ್ತದೆ. ಆಯಸ್ಸು, ಊಟ, ಔಷಧಿ, ಎತ್ತುವ ಭಾರ, ಬರುವ ಕಾಯಿಲೆ ಹೀಗೆ ಮೈಗೆ ಸಂಬಂಧಿಸಿದ್ದನ್ನು ಗಾತ್ರ ಬಹುಮಟ್ಟಿಗೆ ನಿರ್ಧರಿಸುತ್ತದೆ. ಚುರುಕು, ಸಹನೆ, ಬೊಗಳುವ ಚಾಳಿ, ಮಕ್ಕಳೊಡನೆ ಹೊಂದಿಕೆ ಇವನ್ನು ತಳಿ, ಬೆಳೆದ ರೀತಿ ಮತ್ತು ಸಾಕುವವರ ಶಿಸ್ತು ಹೆಚ್ಚಾಗಿ ನಿರ್ಧರಿಸುತ್ತವೆ. ಜನ ಇದನ್ನು ತಿರುವುಮುರುವು ಮಾಡಿಕೊಳ್ಳುತ್ತಾರೆ: ಸ್ವಭಾವ ಹೀಗಿರುತ್ತದೆಂದು ಊಹಿಸಿ ಗಾತ್ರ ಆರಿಸುತ್ತಾರೆ, ಭಾರದ ಕಡೆ ಗಮನವನ್ನೇ ಕೊಡುವುದಿಲ್ಲ.

ಯಾವುದು ಸಣ್ಣದು, ಯಾವುದು ದೊಡ್ಡದು ಎಂಬುದನ್ನು ಮೊದಲು ಕಿಲೋಗಳಲ್ಲಿ ಹೇಳಿಬಿಡುತ್ತೇನೆ. ತಳಿಯ ಮಾನದಂಡದಂತೆ ಚಿವಾವಾ 3 ಕಿಲೋ ಒಳಗಿರಬೇಕು. ಪೊಮೆರೇನಿಯನ್ ಕೂಡ ಹೆಚ್ಚುಕಡಿಮೆ ಅಷ್ಟೇ. ಷಿ ತ್ಸು, ಪಗ್, ಜ್ಯಾಕ್ ರಸೆಲ್ ಟೆರಿಯರ್‌ಗಳು 5ರಿಂದ 8 ಕಿಲೋ ಆಸುಪಾಸಿನವು. ಬೀಗಲ್ ಮತ್ತು ಕಾಕರ್ ಸ್ಪ್ಯಾನಿಯಲ್ 10ರಿಂದ 15, ಬಾರ್ಡರ್ ಕಾಲಿ 15ರಿಂದ 20. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್ 25ರಿಂದ 40. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್‌ಗಳು 50 ದಾಟಿ 80ರವರೆಗೂ ಹೋಗುತ್ತವೆ. ಹತ್ತರೊಳಗಿನವು ಸಣ್ಣವು, ಹತ್ತರಿಂದ ಇಪ್ಪತ್ತೈದು ಮಧ್ಯಮ, ಅಲ್ಲಿಂದ ನಲವತ್ತೈದರವರೆಗೆ ದೊಡ್ಡವು, ಅದರಾಚೆ ದೈತ್ಯರು ಎಂದು ಇಟ್ಟುಕೊಳ್ಳೋಣ. "ಸಣ್ಣದು ಬೇಕೋ ದೊಡ್ಡದು ಬೇಕೋ" ಎಂದು ಕೇಳುವವರು ಮಧ್ಯದ ಗುಂಪನ್ನು ಮರೆತೇಬಿಡುತ್ತಾರೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಆಯಸ್ಸು

ಇಲಿಗಿಂತ ಆನೆ ಹೆಚ್ಚು ಕಾಲ ಬದುಕುತ್ತದೆ. ಪ್ರಾಣಿಲೋಕದಲ್ಲಿ ದೊಡ್ಡ ದೇಹಕ್ಕೆ ದೀರ್ಘ ಆಯಸ್ಸು ಎಂಬುದು ಸಾಮಾನ್ಯ ನಿಯಮ. ನಾಯಿಗಳ ಒಳಗೆ ಮಾತ್ರ ಅದು ತಲೆಕೆಳಗಾಗುತ್ತದೆ. ಚಿವಾವಾದಂಥ ಸಣ್ಣ ನಾಯಿಗಳು 14ರಿಂದ 16 ವರ್ಷ ಬದುಕಿದರೆ ಲ್ಯಾಬ್ರಡಾರ್ 10ರಿಂದ 13, ಗ್ರೇಟ್ ಡೇನ್ 7ರಿಂದ 10 ವರ್ಷ. ವೇಗವಾಗಿ ಬೆಳೆಯುವ ಮೈ ವೇಗವಾಗಿಯೇ ಸವೆಯುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಬೆಳವಣಿಗೆಯನ್ನು ನಿಯಂತ್ರಿಸುವ ಐಜಿಎಫ್-1 ಎಂಬ ಜೀನ್‌ನ ಒಂದು ರೂಪ ಸಣ್ಣ ತಳಿಗಳಲ್ಲೆಲ್ಲ ಹರಡಿಕೊಂಡಿದೆ ಎಂಬುದು 2007ರ ಸಂಶೋಧನೆಯಿಂದ ತಿಳಿದುಬಂತು; ನಾಯಿಯ ಗಾತ್ರವನ್ನು ತಗ್ಗಿಸುವುದರಲ್ಲಿ ಅದರ ಪಾತ್ರ ದೊಡ್ಡದು.

ಇದನ್ನು ಓದಿ ಕೂಡಲೇ ಸಣ್ಣ ನಾಯಿಯ ಕಡೆ ವಾಲಬೇಡಿ. ಹದಿನೈದು ವರ್ಷದ ಸಂಗಾತಿ ಎಂದರೆ ಹದಿನೈದು ವರ್ಷದ ಹೊಣೆಯೂ ಹೌದು. ಹತ್ತನೆಯ ತರಗತಿಯ ಹುಡುಗ ಹಟ ಹಿಡಿದು ತಂದ ಮರಿ, ಅವನು ಓದು ಮುಗಿಸಿ, ಕೆಲಸ ಹಿಡಿದು, ಬೇರೆ ಊರಿನಲ್ಲಿ ಸಂಸಾರ ಹೂಡಿದ ಮೇಲೂ ತಂದೆ ತಾಯಿಯ ಮನೆಯಲ್ಲಿ ಬದುಕಿರುತ್ತದೆ. ಎಪ್ಪತ್ತರ ಆಸುಪಾಸಿನವರು ಎರಡು ತಿಂಗಳ ಸಣ್ಣ ಮರಿ ತರುವ ಮೊದಲು, ತಮ್ಮ ನಂತರ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮಕ್ಕಳೊಡನೆ ಬಾಯಿಬಿಟ್ಟು ಮಾತಾಡಿಕೊಳ್ಳುವುದು ಒಳ್ಳೆಯದು. ಅದರ ಬದಲು ಆರೇಳು ವರ್ಷದ, ಪಳಗಿದ ಸಣ್ಣ ನಾಯಿಯನ್ನು ತಂದರೆ ಇಬ್ಬರಿಗೂ ಕ್ಷೇಮ.

ದೈತ್ಯ ತಳಿಗಳ ಲೆಕ್ಕ ಬೇರೆ. ಮೈ ಪೂರ್ತಿ ಬೆಳೆಯಲು ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ, ಆರೇಳು ವರ್ಷಕ್ಕೆ ಮುಪ್ಪಿನ ಲಕ್ಷಣ ಶುರುವಾಗುತ್ತದೆ. ನಡುವೆ ಸಿಗುವ ಹುರುಪಿನ ಕಾಲ ನಾಲ್ಕೈದು ವರ್ಷವಷ್ಟೆ. ಸಣ್ಣ ನಾಯಿಯಾದರೆ ವರ್ಷದೊಳಗೇ ಬೆಳೆದು, ಹತ್ತರ ಪ್ರಾಯದಲ್ಲೂ ಚೆಂಡಿನ ಹಿಂದೆ ಓಡುತ್ತದೆ. ಅಗಲಿಕೆಯನ್ನು ಬೇಗ ತಾಳಲಾರೆವು ಎನ್ನುವ ಮನೆಯವರು ದೈತ್ಯರಿಂದ ದೂರವಿರುವುದೇ ಲೇಸು.

ಊಟ, ಔಷಧಿ, ಕೈ ಬಿಡುವ ಹಣ

ತೂಕ ಎರಡು ಪಟ್ಟಾದರೆ ಊಟವೂ ಎರಡು ಪಟ್ಟಾಗುತ್ತದೆ ಎಂಬುದು ಸರಿಯಲ್ಲ. ಪಶುವೈದ್ಯರು ಬಳಸುವ ಸೂತ್ರವೊಂದಿದೆ: ಕಿಲೋಗಳಲ್ಲಿರುವ ತೂಕವನ್ನು 0.75ರ ಘಾತಕ್ಕೆ ಏರಿಸಿ 70ರಿಂದ ಗುಣಿಸಿದರೆ ವಿಶ್ರಾಂತಿಯಲ್ಲಿರುವ ನಾಯಿಗೆ ದಿನಕ್ಕೆ ಬೇಕಾದ ಕ್ಯಾಲೊರಿ ಸಿಗುತ್ತದೆ. ಮನೆಯಲ್ಲಿ ಸಾಕಿದ, ಸಂತಾನಹರಣ ಮಾಡಿಸಿದ ವಯಸ್ಕ ನಾಯಿಗೆ ಅದರ 1.6 ಪಟ್ಟು. ಇದರಂತೆ 5 ಕಿಲೋ ನಾಯಿಗೆ ಸುಮಾರು 375, 30 ಕಿಲೋ ನಾಯಿಗೆ ಸುಮಾರು 1,435, 60 ಕಿಲೋ ನಾಯಿಗೆ ಸುಮಾರು 2,400 ಕ್ಯಾಲೊರಿ ಬೇಕು. ಅಂದರೆ ತೂಕ ಆರು ಪಟ್ಟಾದಾಗ ಊಟ ನಾಲ್ಕು ಪಟ್ಟಿಗೂ ಕಡಿಮೆ. ಊಟದ ಮಟ್ಟಿಗೆ ದೊಡ್ಡ ನಾಯಿ ನಾವು ಹೆದರುವಷ್ಟು ದುಬಾರಿಯಲ್ಲ.

ಜೇಬಿಗೆ ನಿಜವಾದ ಪೆಟ್ಟು ಬೀಳುವುದು ಔಷಧಿಯಲ್ಲಿ, ಅಲ್ಲಿ ಈ ರಿಯಾಯಿತಿ ಇಲ್ಲ. ಜಂತುಹುಳುವಿನ ಮಾತ್ರೆ, ಉಣ್ಣಿ ತಡೆಯುವ ಮದ್ದು, ಆ್ಯಂಟಿಬಯೋಟಿಕ್, ನೋವಿನ ಮಾತ್ರೆ, ಅರಿವಳಿಕೆ ಹೆಚ್ಚಾಗಿ ಕಿಲೋ ಲೆಕ್ಕದಲ್ಲೇ ನಡೆಯುತ್ತವೆ. ಸಣ್ಣ ನಾಯಿಗೆ ಕಾಲು ಮಾತ್ರೆ ಸಾಕಾದಲ್ಲಿ ದೊಡ್ಡದಕ್ಕೆ ಒಂದೂವರೆ ಬೇಕಾಗುತ್ತದೆ. ಕೀಲುನೋವಿಗೆ ವರ್ಷಗಟ್ಟಲೆ ಮಾತ್ರೆ ನುಂಗಿಸಬೇಕಾಗಿ ಬಂದರೆ ಈ ವ್ಯತ್ಯಾಸ ತಿಂಗಳು ತಿಂಗಳೂ ಕಾಣುತ್ತದೆ. ಲಸಿಕೆ ಮಾತ್ರ ಇದಕ್ಕೆ ಹೊರತು: ಚಿವಾವಾಗೂ ಮ್ಯಾಸ್ಟಿಫ್‌ಗೂ ಸಾಮಾನ್ಯವಾಗಿ ಒಂದೇ ಪ್ರಮಾಣ. ವೈದ್ಯರ ಶುಲ್ಕವೂ ಗಾತ್ರ ನೋಡುವುದಿಲ್ಲ.

ಸಣ್ಣ ನಾಯಿಗಳ ಗುಪ್ತ ಖರ್ಚು ಎರಡು ಕಡೆ ಇದೆ. ಒಂದು ಹಲ್ಲು. ವಯಸ್ಕ ನಾಯಿ ಎಷ್ಟೇ ದೊಡ್ಡದಿರಲಿ ಚಿಕ್ಕದಿರಲಿ, ಹಲ್ಲು 42. ಅಂಗುಲಗಳಷ್ಟೇ ಇರುವ ದವಡೆಯಲ್ಲಿ ಅಷ್ಟೂ ಒತ್ತಿಕೊಂಡು ನಿಂತಾಗ ಸಂದಿಗಳಲ್ಲಿ ಕಿಟ್ಟ ಕಟ್ಟಿ, ಒಸಡು ಹುಣ್ಣಾಗಿ, ನಡುವಯಸ್ಸಿಗೇ ಹಲ್ಲು ಅಲುಗಾಡತೊಡಗುತ್ತವೆ. ಅರಿವಳಿಕೆ ಕೊಟ್ಟು ಹಲ್ಲು ಶುಚಿಮಾಡಿಸುವ ಪ್ರಸಂಗ ಸಣ್ಣ ತಳಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇನ್ನೊಂದು ಕೂದಲು. ಷಿ ತ್ಸು, ಪೂಡಲ್, ಮಾಲ್ಟೀಸ್‌ಗಳ ಕೂದಲು ಬೆಳೆಯುತ್ತಲೇ ಇರುತ್ತದೆ. ದಿನವೂ ಬಾಚಿ, ಆಗಾಗ ಕತ್ತರಿಸದಿದ್ದರೆ ಚರ್ಮದವರೆಗೂ ಗಂಟುಕಟ್ಟುತ್ತದೆ. ಬೇಸರವಾಗುವವರು ಗಿಡ್ಡ ಕೂದಲಿನ ನಾಯಿ ನೋಡಿ. ಆದರೆ ಲ್ಯಾಬ್ರಡಾರ್ ಗಿಡ್ಡ ಕೂದಲಿನದೇ, ಅದು ಉದುರಿಸುವ ಕೂದಲು ಮಾತ್ರ ಸೋಫಾ, ಹಾಸಿಗೆ, ಊಟದ ತಟ್ಟೆ ಯಾವುದನ್ನೂ ಬಿಡುವುದಿಲ್ಲ.

ಎತ್ತುವ ಭಾರ, ತಡೆಯುವ ಭಾರ

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯವಾದ ಅಳತೆಗೋಲು, ಮರಿ ತರುವ ಹೊತ್ತಿನಲ್ಲಿ ಯಾರೂ ಹಿಡಿದು ನೋಡದ ಅಳತೆಗೋಲೂ ಇದೇ.

ಹನ್ನೊಂದು ವರ್ಷದ, 34 ಕಿಲೋ ತೂಗುವ ಲ್ಯಾಬ್ರಡಾರ್ ಒಂದನ್ನು ಕಲ್ಪಿಸಿಕೊಳ್ಳಿ. ಸೊಂಟದ ಕೀಲು ಸವೆದಿದೆ. ಬೆಳಗ್ಗೆ ಏಳಲು ನೋಡುತ್ತದೆ. ಮುಂಗಾಲು ಊರಿಕೊಳ್ಳುತ್ತದೆ, ಹಿಂಗಾಲು ನುಣುಪು ನೆಲದ ಮೇಲೆ ಅತ್ತಿತ್ತ ಜಾರುತ್ತದೆ, ಉಗುರು ಗೀರುವ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ. ಮೂತ್ರ ತಡೆಯಲಾಗದೆ ಹಾಸಿಗೆಯಲ್ಲೇ ಆಗಿಬಿಟ್ಟಿರುತ್ತದೆ, ಅದಕ್ಕೆ ತಾನೇ ನಾಚಿ ಮುಖ ತಿರುಗಿಸುತ್ತದೆ. ಹೊಟ್ಟೆಯಡಿ ಹಳೆಯ ಟವೆಲ್ ಒಂದನ್ನು ಜೋಲಿಯಂತೆ ಹಾಯಿಸಿ, ಎರಡೂ ತುದಿ ಹಿಡಿದು, ಹಿಂಭಾಗದ ಭಾರವನ್ನು ನೀವು ಹೊತ್ತು ಅಂಗಳದವರೆಗೆ ನಡೆಸಬೇಕು. ದಿನಕ್ಕೆ ನಾಲ್ಕೈದು ಸಲ. ಮನೆ ಮೂರನೆಯ ಮಹಡಿಯಲ್ಲಿದ್ದು ಲಿಫ್ಟ್ ಕೆಟ್ಟಿದ್ದರೆ? ಬೆನ್ನುನೋವಿರುವ ಒಬ್ಬರೇ ಮನೆಯಲ್ಲಿದ್ದರೆ? ಇದೇ ಕಷ್ಟ 6 ಕಿಲೋ ನಾಯಿಗೆ ಬಂದರೆ ಒಂದು ಕೈಯಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಬಾಗಿಲು ತೆಗೆಯುತ್ತೀರಿ.

ತಡೆಯುವ ಭಾರದ್ದೂ ಇದೇ ಕಥೆ. ಪಳಗದ 35 ಕಿಲೋ ನಾಯಿ ಬೆಕ್ಕನ್ನು ಕಂಡು ನೆಗೆದರೆ ಬೆಲ್ಟ್ ಹಿಡಿದವರ ಭುಜ ಉಳುಕಬಹುದು, ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳಬಹುದು. ತರಬೇತಿ ಕೊಟ್ಟರೆ ಎಳೆಯುವುದಿಲ್ಲ, ನಿಜ. ಆದರೆ ಆ ತರಬೇತಿ ದೊಡ್ಡ ನಾಯಿಯ ವಿಷಯದಲ್ಲಿ ಐಚ್ಛಿಕವಲ್ಲ, ಮೊದಲ ದಿನದಿಂದಲೇ ಕಡ್ಡಾಯ. ಹತ್ತು ತಿಂಗಳ ಗ್ರೇಟ್ ಡೇನ್‌ಗೆ ಮೈ ಬೆಳೆದಿರುತ್ತದೆ, ಬುದ್ಧಿ ಇನ್ನೂ ಮರಿಯದು.

ಹಾಗಾಗಿ ನಾನು ಹೇಳುವ ಮಾತು: ನಾಯಿಯನ್ನು ಹೆಚ್ಚು ಹೊತ್ತು ನೋಡಿಕೊಳ್ಳುವವರು ಯಾರೋ, ಅವರು ಒಬ್ಬರೇ ಆಗಲಿ ಸದಾ ಮನೆಯಲ್ಲಿರುವ ಇನ್ನೊಬ್ಬರ ನೆರವಿನಿಂದಾಗಲಿ ಎತ್ತಿ ವಾಹನಕ್ಕೆ ಹಾಕಲಾಗದಷ್ಟು ತೂಕದ ನಾಯಿ ಬೇಡ. "ಅಗತ್ಯ ಬಿದ್ದರೆ ಪಕ್ಕದ ಮನೆಯವರು ಬರುತ್ತಾರೆ" ಎಂಬುದು ಹಗಲಿಗೆ ಸರಿ, ರಾತ್ರಿ ಎರಡು ಗಂಟೆಗೆ ಸರಿಹೋಗುವುದಿಲ್ಲ.

ಹಗುರವಾಗಿರುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಎರಡು ಮೂರು ಕಿಲೋ ನಾಯಿಯ ಮುಂಗಾಲಿನ ಮೂಳೆ ಬಲು ಸಪೂರ. ಸೋಫಾದಿಂದ ಹಾರಿಯೋ ಮಗುವಿನ ಕೈಯಿಂದ ಜಾರಿಯೋ ಮುರಿದುಕೊಂಡು ಬರುವ ಪುಟ್ಟ ನಾಯಿಗಳು ಪಶುವೈದ್ಯರಿಗೆ ಹೊಸತಲ್ಲ. ಬಾಗಿಲ ಸಂದಿಗೆ ಸಿಗುತ್ತವೆ, ಕತ್ತಲಲ್ಲಿ ಕಾಲಿಗೆ ಅಡ್ಡ ಬರುತ್ತವೆ. ವಿಷದ ಲೆಕ್ಕವೂ ಕಿಲೋದ್ದೇ. ಚಾಕೊಲೇಟಿನಲ್ಲಿರುವ ಥಿಯೊಬ್ರೊಮಿನ್ ಪ್ರತಿ ಕಿಲೋ ತೂಕಕ್ಕೆ ಸುಮಾರು 20 ಮಿಲಿಗ್ರಾಂ ಆದಾಗ ನಾಯಿಗೆ ವಾಂತಿ, ಚಡಪಡಿಕೆ ಶುರುವಾಗಬಹುದು. ಕಡು ಚಾಕೊಲೇಟಿನ ಗ್ರಾಂ ಒಂದರಲ್ಲಿ ಸುಮಾರು 5 ಮಿಲಿಗ್ರಾಂ ಇರುತ್ತದೆ. 30 ಕಿಲೋ ನಾಯಿ ಆ ಮಟ್ಟ ಮುಟ್ಟಲು 120 ಗ್ರಾಂ ತಿನ್ನಬೇಕು. 3 ಕಿಲೋ ನಾಯಿಗೆ 12 ಗ್ರಾಂ, ಅಂದರೆ ಒಂದೆರಡು ತುಂಡು, ಸಾಕು. ಕಂಡದ್ದನ್ನೆಲ್ಲ ನೆಲಕ್ಕೆ ಬೀಳಿಸುವ ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಯಾವ ಗಾತ್ರಕ್ಕೆ ಯಾವ ಕಾಯಿಲೆ

ಸಣ್ಣವುಗಳಲ್ಲಿ ಮಂಡಿಚಿಪ್ಪು ಜಾರುವುದು, ಶ್ವಾಸನಾಳ ಕುಸಿದು ಒಣಕೆಮ್ಮು ಬರುವುದು, ವಯಸ್ಸಾದಂತೆ ಹೃದಯದ ಕವಾಟ ಸೋರುವುದು ಹೆಚ್ಚು. ನಡೆಯುತ್ತಾ ನಡೆಯುತ್ತಾ ಹಿಂಗಾಲೊಂದನ್ನು ಎತ್ತಿ ಎರಡು ಹೆಜ್ಜೆ ಕುಪ್ಪಳಿಸಿ ಮತ್ತೆ ಸರಿಯಾಗಿ ನಡೆದರೆ ಅದು ಮುದ್ದಾದ ಆಟವೆಂದು ನಗಬೇಡಿ, ಮಂಡಿ ತೋರಿಸಿ. ಇವಕ್ಕೆ ಕೊರಳಪಟ್ಟಿಗಿಂತ ಎದೆಪಟ್ಟಿ ಒಳ್ಳೆಯದು. ತೀರ ಚಿಕ್ಕ ಮರಿಗಳು ಒಂದು ಹೊತ್ತಿನ ಊಟ ತಪ್ಪಿದರೂ ರಕ್ತದ ಸಕ್ಕರೆ ಇಳಿದು ಕುಸಿಯಬಹುದು.

ದೊಡ್ಡವುಗಳಲ್ಲಿ ಸೊಂಟ ಮತ್ತು ಮೊಣಕೈ ಕೀಲಿನ ದೋಷ, ಮೂಳೆಯ ಕ್ಯಾನ್ಸರ್, ಕೆಲವು ತಳಿಗಳಲ್ಲಿ ಹೃದಯದ ಸ್ನಾಯು ಹಿಗ್ಗುವ ಕಾಯಿಲೆ. ಎದೆಗೂಡು ಆಳವಾಗಿರುವ ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್‌ಗಳಲ್ಲಿ ಜಠರ ಗಾಳಿ ತುಂಬಿ ತಿರುಚಿಕೊಳ್ಳುವ ಅಪಾಯವಿದೆ. ಹೊಟ್ಟೆ ಉಬ್ಬಿ, ನಾಯಿ ವಾಂತಿಗೆ ಒತ್ತರಿಸಿದರೂ ಏನೂ ಬಾರದೆ ಚಡಪಡಿಸುತ್ತಿದ್ದರೆ ಬೆಳಗಾಗಲೆಂದು ಕಾಯುವಂತಿಲ್ಲ. ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗುತ್ತದೆ. ರಾತ್ರಿಯೂ ತೆರೆದಿರುವ ಪಶು ಆಸ್ಪತ್ರೆ ಹತ್ತಿರದಲ್ಲಿ ಇಲ್ಲದವರು ಈ ತಳಿಗಳ ಬಗ್ಗೆ ಎರಡು ಸಲ ಯೋಚಿಸಬೇಕು. ದೊಡ್ಡ ತಳಿಯ ಮರಿಯನ್ನು ಬೇಗ ಬೇಗ ದಪ್ಪ ಮಾಡುವ ಚಪಲವೂ ಒಳ್ಳೆಯದಲ್ಲ. ಅತಿಯಾದ ಊಟ, ಮೇಲಿಂದ ಸುರಿಯುವ ಕ್ಯಾಲ್ಸಿಯಂ ಎರಡೂ ಎಳೆಯ ಮೂಳೆಗಳನ್ನು ಕೆಡಿಸುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ವಯಸ್ಸನ್ನೂ ದೊಡ್ಡ ತಳಿಗಳಲ್ಲಿ ವೈದ್ಯರೊಡನೆ ಚರ್ಚಿಸಿಯೇ ಗೊತ್ತುಮಾಡಬೇಕು, ತೀರ ಬೇಗ ಮಾಡಿಸಿದರೆ ಕೀಲುಗಳಿಗೆ ತೊಂದರೆಯಾಗುವ ಸಂಭವ ಸಣ್ಣ ತಳಿಗಳಿಗಿಂತ ಹೆಚ್ಚು.

ಚಳಿಯಲ್ಲಿ ಸಣ್ಣ ಮೈ ಬೇಗ ಶಾಖ ಕಳೆದುಕೊಳ್ಳುತ್ತದೆ, ಸೆಕೆಯಲ್ಲಿ ದೊಡ್ಡ ಮೈ ಶಾಖವನ್ನು ಹೊರಹಾಕಲು ಹೆಣಗುತ್ತದೆ. ಪಗ್, ಬುಲ್‌ಡಾಗ್‌ಗಳಂಥ ಚಪ್ಪಟೆ ಮೂಗಿನವಕ್ಕೆ ಮಾತ್ರ ಗಾತ್ರ ಯಾವುದಾದರೂ ಸೆಕೆ ಶತ್ರುವೇ. ಅವುಗಳ ಗೊರಕೆಯನ್ನು ಮುದ್ದು ಎನ್ನುವವರಿದ್ದಾರೆ. ಅದು ಉಸಿರಾಟದ ಕಷ್ಟ.

ಗಾತ್ರ ದಾರಿ ತಪ್ಪಿಸುವ ಎರಡು ವಿಷಯಗಳು

ಮೊದಲನೆಯದು ಜಾಗ. ಚಿಕ್ಕ ಮನೆಗೆ ಚಿಕ್ಕ ನಾಯಿ ಎಂಬ ಸಮೀಕರಣ ಮೇಲ್ನೋಟಕ್ಕೆ ಸರಿ. ಆದರೆ ಜ್ಯಾಕ್ ರಸೆಲ್ ಟೆರಿಯರ್ ನೆಲದೊಳಗಿನ ಬಿಲಗಳಿಂದ ನರಿಗಳನ್ನು ಹೊರಡಿಸಲೆಂದೇ ರೂಢಿಸಿದ ತಳಿ. ಆರೇಳು ಕಿಲೋ ಮೈಯಲ್ಲಿ ದಿನವಿಡೀ ದುಡಿಯುವ ಕಸುವು. ಅದಕ್ಕೆ ಕೆಲಸ ಕೊಡದಿದ್ದರೆ ಅದು ತಾನೇ ಹುಡುಕಿಕೊಳ್ಳುತ್ತದೆ, ನಿಮ್ಮ ಚಪ್ಪಲಿ, ಬಾಗಿಲ ಚೌಕಟ್ಟು, ಕುಂಡದ ಗಿಡ ಎಲ್ಲವೂ ಆ ಕೆಲಸದ ಪಟ್ಟಿಯಲ್ಲಿ ಸೇರುತ್ತವೆ. ಅದೇ ಹೊತ್ತಿಗೆ, ಓಟಕ್ಕೆ ಹೆಸರಾದ ಗ್ರೇಹೌಂಡ್ ದಿನಕ್ಕೊಂದೆರಡು ನಡಿಗೆ ಸಿಕ್ಕರೆ ಉಳಿದ ಹೊತ್ತೆಲ್ಲ ಮಂಚದ ಮೇಲೆ ಕಾಲು ಚಾಚಿ ಮಲಗುತ್ತದೆ. ಗ್ರೇಟ್ ಡೇನ್‌ನ ಸ್ವಭಾವವೂ ನಿಧಾನದ್ದೇ. ಅದು ಫ್ಲ್ಯಾಟಿನಲ್ಲಿ ನೆಮ್ಮದಿಯಿಂದಿರಬಲ್ಲದು, ಟೀಪಾಯಿಯ ಮೇಲಿನ ಲೋಟಗಳು ಮಾತ್ರ ಅದರ ಬಾಲದ ಒಂದೇ ಬೀಸಿಗೆ ಕೆಳಗೆ. ಜಾಗದ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಮನೆಯ ಚದರಡಿ ಎಷ್ಟು ಎಂಬುದಕ್ಕಿಂತ, ದಿನಕ್ಕೆ ಎಷ್ಟು ಹೊತ್ತು ಹೊರಗೆ ಕರೆದೊಯ್ಯುತ್ತೀರಿ ಎಂಬುದು. ತೋಟದಲ್ಲಿ ಒಂಟಿಯಾಗಿ ಬಿಟ್ಟ ನಾಯಿ ವ್ಯಾಯಾಮ ಮಾಡುವುದಿಲ್ಲ, ಗೇಟಿನ ಬಳಿ ಕೂತು ನಿಮ್ಮ ದಾರಿ ಕಾಯುತ್ತದೆ.

ಎರಡನೆಯದು ಸ್ವಭಾವ. ಸಣ್ಣ ನಾಯಿಗಳು ಸಿಡುಕು, ದೊಡ್ಡವು ಸಾಧು ಎಂಬ ನಂಬಿಕೆಗೆ ಸ್ವಲ್ಪ ಆಧಾರವಿದೆ, ಆದರೆ ಅದರ ಬೇರು ನಾಯಿಗಿಂತ ಮಾಲೀಕರಲ್ಲಿ ಹೆಚ್ಚು. ವಿಯೆನ್ನಾದ ಸಂಶೋಧಕರು ಸಾವಿರಕ್ಕೂ ಹೆಚ್ಚು ನಾಯಿ ಮಾಲೀಕರನ್ನು ಪ್ರಶ್ನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಣ್ಣ ನಾಯಿಗಳು ಕಡಿಮೆ ವಿಧೇಯ ಎಂದು ಕಂಡುಬಂತು. ಅವುಗಳ ಮಾಲೀಕರು ಶಿಸ್ತಿನಲ್ಲಿ ಸ್ಥಿರತೆ ತೋರುವುದಿಲ್ಲ, ಅವುಗಳೊಡನೆ ಆಟ ಮತ್ತು ತರಬೇತಿಗೆ ಕಡಿಮೆ ಹೊತ್ತು ಕೊಡುತ್ತಾರೆ ಎಂಬುದೂ ಕಂಡುಬಂತು.

ಇದನ್ನು ನೋಡಲು ಸಂಶೋಧನೆಯೇ ಬೇಕಿಲ್ಲ. ಅತಿಥಿ ಬಂದು ಮನೆಯೊಡತಿಯ ಪಕ್ಕ ಕೂರುತ್ತಾರೆ. ಮಡಿಲಲ್ಲಿದ್ದ ಪೊಮೆರೇನಿಯನ್ ಮೈ ಬಿಗಿಮಾಡಿ, ತುಟಿ ಮೇಲೆತ್ತಿ ಗುರುಗುಟ್ಟುತ್ತದೆ. ಎಲ್ಲರೂ ನಗುತ್ತಾರೆ. "ನನ್ನನ್ನು ಯಾರೂ ಮುಟ್ಟುವಂತಿಲ್ಲ ಇದಕ್ಕೆ!" ಎಂದು ಆಕೆ ಹೆಮ್ಮೆಯಿಂದ ಬೆನ್ನು ಸವರುತ್ತಾರೆ. ಅದೇ ತುಟಿ, ಅದೇ ಗುರುಗುಟ್ಟುವಿಕೆ ರಾಟ್‌ವೈಲರ್‌ನಿಂದ ಬಂದಿದ್ದರೆ ಅತಿಥಿ ಬಾಗಿಲ ಬಳಿ ಇರುತ್ತಿದ್ದರು, ಮರುದಿನವೇ ತರಬೇತುದಾರರಿಗೆ ಫೋನ್ ಹೋಗುತ್ತಿತ್ತು. ಸಣ್ಣ ನಾಯಿಯ ಎಚ್ಚರಿಕೆಯನ್ನು ಯಾರೂ ಎಚ್ಚರಿಕೆಯೆಂದು ತೆಗೆದುಕೊಳ್ಳುವುದಿಲ್ಲ. ಗುರುಗುಟ್ಟಿ ಪ್ರಯೋಜನವಿಲ್ಲವೆಂದು ಗೊತ್ತಾದ ಮೇಲೆ ಅದು ಕಚ್ಚುತ್ತದೆ. ಜೊತೆಗೆ ಅದರ ಕಣ್ಣಿನ ಎತ್ತರದಿಂದ ಲೋಕ ಹೇಗೆ ಕಾಣುತ್ತದೆ ನೋಡಿ: ಸುತ್ತ ಬರೀ ಕಾಲುಗಳು, ಹೇಳದೆ ಕೇಳದೆ ಮೇಲಿಂದ ಬಂದು ಎತ್ತಿಕೊಳ್ಳುವ ಕೈಗಳು. ಕಿರುಚಾಟದಲ್ಲಿ ಮುಕ್ಕಾಲು ಪಾಲು ಭಯವೇ. ಅದನ್ನು ನೆಲದ ಮೇಲೆ ನಡೆಯಲು ಬಿಟ್ಟು, ಕೂರು ನಿಲ್ಲು ಕಲಿಸಿ, ಎತ್ತುವ ಮೊದಲು ಹೆಸರು ಹಿಡಿದು ಕರೆದರೆ ಸಣ್ಣ ನಾಯಿಯೂ ದೊಡ್ಡದರಷ್ಟೇ ಗಂಭೀರವಾಗುತ್ತದೆ.

ಹಾಗೆಂದು ಗಾತ್ರ ಲೆಕ್ಕಕ್ಕಿಲ್ಲ ಎನ್ನಲಾಗದು. ತಪ್ಪು ಒಂದೇ ಆದರೂ ಪರಿಣಾಮ ಒಂದೇ ಅಲ್ಲ. ಚಿವಾವಾ ಕಚ್ಚಿದರೆ ಗಾಯಕ್ಕೆ ಮದ್ದು ಹಚ್ಚಿ, ರೇಬೀಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳುವಲ್ಲಿಗೆ ಸಾಮಾನ್ಯವಾಗಿ ಮುಗಿಯುತ್ತದೆ, ದೊಡ್ಡ ನಾಯಿ ಕಚ್ಚಿದರೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ತರಬೇತಿಗೆ ಹೊತ್ತಿಲ್ಲದವರು ದೊಡ್ಡ ನಾಯಿ ತರುವುದು ಮನೆಯವರಿಗೂ ನೆರೆಯವರಿಗೂ ಅಪಾಯ.

ಕಾವಲಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಸದ್ದು ಮಾಡಿ ಎಚ್ಚರಿಸಲು ಆರು ಕಿಲೋ ಸಾಕು, ಕಂಡೊಡನೆ ಹಿಂಜರಿಯುವಂತೆ ಮಾಡಲು ಮೂವತ್ತು ಬೇಕು. ಲ್ಯಾಬ್ರಡಾರ್‌ಗಳಲ್ಲಿ ಅನೇಕವು ಕಳ್ಳನಿಗೂ ಬಾಲ ಅಲ್ಲಾಡಿಸುತ್ತವೆ. ಪ್ರಯಾಣದಲ್ಲಂತೂ ಸಣ್ಣದೇ ಮೇಲು: ನಾಯಿಗೆ ಅವಕಾಶ ಕೊಡುವ ವಿಮಾನಗಳಲ್ಲಿ ಚೀಲವೂ ಸೇರಿ ಏಳೆಂಟು ಕಿಲೋ ಒಳಗಿದ್ದರೆ ಸಾಮಾನ್ಯವಾಗಿ ನಿಮ್ಮ ಕಾಲ ಬಳಿಯೇ ಬರುತ್ತದೆ, ಅದಕ್ಕಿಂತ ದೊಡ್ಡದಾದರೆ ಸರಕಿನ ಭಾಗಕ್ಕೆ. ಬಾಡಿಗೆ ಮನೆ ಹುಡುಕುವಾಗಲೂ ಮಾಲೀಕರು ಸಣ್ಣದಕ್ಕೆ ಬೇಗ ಒಪ್ಪುತ್ತಾರೆ.

ಯಾರ ಮನೆಗೆ ಯಾವುದು

ಐದು ವರ್ಷದೊಳಗಿನ ಮಕ್ಕಳಿದ್ದರೆ ಎರಡು ಮೂರು ಕಿಲೋ ನಾಯಿ ಬೇಡವೇ ಬೇಡ. ಮಗುವಿಗೆ ಅದು ಗೊಂಬೆ, ಅದಕ್ಕೆ ಮಗು ಭೂಕಂಪ. 12ರಿಂದ 30 ಕಿಲೋ ನಡುವಿನ, ಮಕ್ಕಳ ಒಡನಾಟವಿರುವ, ಎರಡು ವರ್ಷ ದಾಟಿದ ನಾಯಿ ನನ್ನ ಆಯ್ಕೆ. ಉಬ್ಬಿದ ಹುರುಪಿನಲ್ಲಿ ಮಗುವನ್ನು ಕೆಡವುವ ವಯಸ್ಸು ಅದಕ್ಕೆ ಕಳೆದಿರುತ್ತದೆ. ಎಷ್ಟೇ ಸಾಧುವಾದರೂ ಇಬ್ಬರನ್ನೇ ಬಿಟ್ಟು ಹೋಗುವಂತಿಲ್ಲ.

ಒಂಟಿಯಾಗಿರುವ ಹಿರಿಯರಿಗೆ 5ರಿಂದ 9 ಕಿಲೋ, ನಡುವಯಸ್ಸಿನದು. ಅದಕ್ಕಿಂತ ಚಿಕ್ಕದಾದರೆ ಕಾಲಿಗೆ ಸಿಕ್ಕಿ ಎಡವುವ ಭಯ, ದೊಡ್ಡದಾದರೆ ಎಳೆಯುವ ಭಯ. ಕೊರಳಿಗೊಂದು ಸಣ್ಣ ಗೆಜ್ಜೆ ಕಟ್ಟಿದರೆ ಎಲ್ಲಿದೆ ಎಂಬುದಾದರೂ ಕೇಳಿಸುತ್ತದೆ.

ಬೆಳಗ್ಗೆ ಓಡುವವರಿಗೆ ಸಂಗಾತಿ ಬೇಕಿದ್ದರೆ ಮಧ್ಯಮ ಗಾತ್ರದ, ಉದ್ದ ಮೂಗಿನ, ಗಿಡ್ಡ ಕೂದಲಿನ ನಾಯಿ ನೋಡಿ. ದೈತ್ಯರ ಕೀಲು ಆ ಓಟ ತಾಳುವುದಿಲ್ಲ. ಮೈ ಪೂರ್ತಿ ಬೆಳೆಯುವವರೆಗೆ ಯಾವ ಮರಿಯನ್ನೂ ದೂರದ ಓಟಕ್ಕೆ ಎಳೆಯಬಾರದು.

ಹಣ ಬಿಗಿಯಿದ್ದರೆ ಮೊದಲು ಕೈಬಿಡಬೇಕಾದದ್ದು ದೈತ್ಯ ತಳಿಗಳನ್ನು, ಎರಡನೆಯದಾಗಿ ಚಪ್ಪಟೆ ಮೂಗಿನವನ್ನು, ಮೂರನೆಯದಾಗಿ ಉದ್ದ ಕೂದಲಿನ ಸಣ್ಣವನ್ನು. 12ರಿಂದ 18 ಕಿಲೋ ತೂಗುವ ಮಿಶ್ರತಳಿಯ ನಾಯಿ ಊಟ, ಔಷಧಿ, ಆರೈಕೆ ಮೂರರಲ್ಲೂ ಹಗುರ. ಬಜೆಟ್ ಹಾಕುವಾಗ ಮರಿ ಕೊಳ್ಳುವ ಬೆಲೆಯನ್ನು ಲೆಕ್ಕದಿಂದಲೇ ತೆಗೆದುಬಿಡಿ, ಜೀವಮಾನದ ಖರ್ಚಿನಲ್ಲಿ ಅದು ಚಿಲ್ಲರೆ.

ಇಡೀ ದಿನ ಮನೆಗೆ ಬೀಗ ಬೀಳುತ್ತದೆಯೇ? ಹಾಗಿದ್ದರೆ ಗಾತ್ರದ ಪ್ರಶ್ನೆಯೇ ಬರುವುದಿಲ್ಲ. ಸಣ್ಣ ನಾಯಿಗೆ ಒಂಟಿತನ ಕಡಿಮೆ ಇರುವುದಿಲ್ಲ, ಮೇಲಾಗಿ ಅದರ ಮೂತ್ರಕೋಶವೂ ಚಿಕ್ಕದು.

ದೈತ್ಯ ನಾಯಿಯ ಮೋಹ ಬಿಡದವರೂ ಇದ್ದಾರೆ, ಆ ಮೋಹ ನನಗೆ ಅರ್ಥವಾಗುತ್ತದೆ: ನಿಮ್ಮ ಸೊಂಟಕ್ಕೆ ತಲೆ ಒರಗಿಸಿ ಪಕ್ಕದಲ್ಲಿ ನಿಲ್ಲುವ ಅಷ್ಟು ದೊಡ್ಡ ಸೌಮ್ಯ ಪ್ರಾಣಿ ಬೇರೆಲ್ಲೂ ಸಿಗುವುದಿಲ್ಲ. ನೆಲಮಹಡಿಯ ಮನೆ, ಇಬ್ಬರು ಗಟ್ಟಿ ಆಳುಗಳು, ಹತ್ತಿರದಲ್ಲೇ ಪಶು ಆಸ್ಪತ್ರೆ, ತುರ್ತಿಗೆಂದು ಕಟ್ಟಿಟ್ಟ ಹಣ ನಾಲ್ಕೂ ಇದ್ದರೆ ಧೈರ್ಯವಾಗಿ ತನ್ನಿ. ಮೂರೇ ಇದ್ದರೆ ಲ್ಯಾಬ್ರಡಾರ್‌ಗೆ ಇಳಿಯಿರಿ.

ಇದರ ಎದುರು ತುದಿಯಲ್ಲಿ "ಟೀಕಪ್" ಎಂಬ ಹೆಸರಿನಲ್ಲಿ ಮಾರುವ ಅಂಗೈಯಗಲದ ಮರಿಗಳಿವೆ. ಪ್ರಮುಖ ಶ್ವಾನ ಸಂಘಗಳು ಅಂಥ ತಳಿಯನ್ನಾಗಲಿ ಗಾತ್ರವನ್ನಾಗಲಿ ಮಾನ್ಯ ಮಾಡಿಲ್ಲ. ಸೊರಗಿದ ಮರಿಗಳನ್ನೇ ಮತ್ತೆ ಮತ್ತೆ ಕೂಡಿಸಿ ತೆಗೆದ ಸಂತತಿ ಅದು. ಮೂಳೆ, ಯಕೃತ್ತು, ಹೃದಯ ಯಾವುದಕ್ಕೂ ಭರವಸೆಯಿಲ್ಲ. ಅದನ್ನು ಆಯ್ಕೆಯ ಪಟ್ಟಿಯಲ್ಲೇ ಸೇರಿಸಬೇಡಿ.

ಉಳಿದದ್ದು ಮಧ್ಯದ ಗುಂಪು. ಮನುಷ್ಯರ ಆಯ್ಕೆಗೆ ಸಿಗದೆ ತಾವಾಗಿ ಸಂತಾನ ಬೆಳೆಸಿಕೊಂಡ ಬೀದಿ ನಾಯಿಗಳು ಜಗತ್ತಿನ ಬಹುಭಾಗದಲ್ಲಿ ಮಧ್ಯಮ ಗಾತ್ರದಲ್ಲೇ ನೆಲೆ ನಿಂತಿವೆ. ತಿಂದದ್ದಕ್ಕೆ ತಕ್ಕ ಮೈ, ಓಡಲು ತಕ್ಕ ಕಾಲು. ಒಬ್ಬರೇ ಎತ್ತಬಹುದು, ಮಗು ಬೀಳಿಸಿದರೂ ಮುರಿಯುವುದಿಲ್ಲ, 12ರಿಂದ 14 ವರ್ಷದ ಆಯಸ್ಸು ನಿರೀಕ್ಷಿಸಬಹುದು. ಮೊದಲ ಸಲ ನಾಯಿ ಸಾಕುವವರು ಕೇಳಿದರೆ ನಾನು ಈ ಗುಂಪಿನ ಕಡೆಗೇ ಬೆರಳು ತೋರುತ್ತೇನೆ. ಮಿಶ್ರತಳಿಯ ಮರಿ ಎಷ್ಟು ಬೆಳೆಯುತ್ತದೆಂದು ಪಂಜ ನೋಡಿ ಹೇಳುವವರ ಮಾತು ನಂಬಬೇಡಿ. ಮಧ್ಯಮ ಗಾತ್ರದ ನಾಯಿಗಳು ನಾಲ್ಕು ತಿಂಗಳ ಹೊತ್ತಿಗೆ ಪೂರ್ಣ ತೂಕದ ಸುಮಾರು ಅರ್ಧ ಮುಟ್ಟಿರುತ್ತವೆ, ಆ ವಯಸ್ಸಿನ ತೂಕವನ್ನು ಎರಡರಿಂದ ಗುಣಿಸುವುದು ಅದಕ್ಕಿಂತ ಮೇಲು. ಊಹೆಯೇ ಬೇಡವೆಂದರೆ ಬೆಳೆದ ನಾಯಿಯನ್ನೇ ದತ್ತು ತನ್ನಿ.

ತೀರ್ಮಾನಕ್ಕೆ ಮೊದಲು ಎರಡು ಕೆಲಸ ಮಾಡಿ. ನಿಮ್ಮ ಮನಸ್ಸಿನಲ್ಲಿರುವ ತಳಿಯ ಮುದಿ ನಾಯಿ ಸಾಕಿರುವವರ ಮನೆಗೆ ಹೋಗಿ ಬನ್ನಿ. ಮರಿ ಇರುವ ಮನೆಯಲ್ಲಿ ನಿಮಗೆ ಬೇಕಾದ ಉತ್ತರ ಸಿಗುವುದಿಲ್ಲ. ಆಮೇಲೆ ಅಷ್ಟೇ ತೂಕದ ಮೂಟೆಯೊಂದನ್ನು ಕಟ್ಟಿ, ನಾಯಿಯ ಹೊಣೆ ಹೊರಲಿರುವವರ ಕೈಗೆ ಕೊಟ್ಟು, ನಿಮ್ಮ ಮನೆಯ ಮೆಟ್ಟಿಲನ್ನು ಒಮ್ಮೆ ಹತ್ತಿಸಿ ಇಳಿಸಿ.